ಬೇಸಿಗೆಯಲ್ಲಿ ರೀಫ್ ಟ್ಯಾಂಕ್ ತಂಪಾಗಿಡಲು ಫ್ಯಾನ್, ಚಿಲ್ಲರ್, ಎಸಿ, ಐಸ್ ಬಾಟಲಿ: ಎಲ್ಲಿಗೆ ಯಾವುದು?

ರೀಫ್ ಟ್ಯಾಂಕಿಗೆ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೆ, ಫ್ಯಾನ್ ಸಾಕೋ ಚಿಲ್ಲರ್ (ಫ್ರಿಜ್ಜಿನಂತೆ ಕಂಪ್ರೆಸರಿನಿಂದ ನೀರನ್ನು ತಂಪು ಮಾಡುವ ಯಂತ್ರ) ಬೇಕೋ ಎನ್ನುವುದನ್ನು ಬರೀ ಉಷ್ಣಾಂಶ ನೋಡಿ ತೀರ್ಮಾನಿಸಬೇಡಿ. ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ಟ್ಯಾಂಕ್ ಇರುವ ಕೋಣೆಯಲ್ಲೇ ಮಧ್ಯಾಹ್ನ ಮೂರರ ಹೊತ್ತಿಗೆ ಫ್ಯಾನಿನ ಗಾಳಿಗೆ ಹತ್ತು ನಿಮಿಷ ಹಿಡಿಯಿರಿ. ಅದು ತೋರಿಸುವ ಅಂಕಿಗಿಂತ ಕೆಳಕ್ಕೆ ಫ್ಯಾನ್ ನೀರನ್ನು ಇಳಿಸಲಾರದು. ಪಂಪು, ದೀಪಗಳ ಶಾಖ ಸೇರಿ ನೀರು ಅದಕ್ಕಿಂತ ಎರಡು-ಮೂರು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಕೋಣೆ ತೀರಾ ಬಿಸಿಯಾಗಿದ್ದರೆ ಗಾಜಿನಿಂದಲೂ ಶಾಖ ಬಂದು ಇನ್ನೂ ಮೇಲೆ.

ಬೆಂಗಳೂರಿನ ಏಪ್ರಿಲ್‌ನಲ್ಲಿ 34 ಡಿಗ್ರಿ, ಶೇ. 30 ತೇವಾಂಶ ಇದ್ದರೆ ಒದ್ದೆಬಟ್ಟೆಯ ಅಂಕಿ ಸುಮಾರು 21. ಕಲಬುರಗಿಯಲ್ಲಿ 40 ಡಿಗ್ರಿ ಇದ್ದರೂ ತೇವಾಂಶ ಶೇ. 20 ಆದರೆ ಸುಮಾರು 22. ಮಂಗಳೂರಿನಲ್ಲಿ 33 ಡಿಗ್ರಿ, ಶೇ. 70 ಇರುವ ದಿನ 28. ಹವಳಗಳಿಗೆ ಬೇಕಾದದ್ದು 25ರಿಂದ 27. ಕರಾವಳಿಯಲ್ಲಿ ಎಷ್ಟು ಫ್ಯಾನ್ ಕೂರಿಸಿದರೂ ನೀರು ಆ ಮಟ್ಟಕ್ಕೆ ಬರುವುದಿಲ್ಲ, ಫ್ಯಾನಿನ ತಪ್ಪು ಅದರಲ್ಲಿ ಏನೂ ಇಲ್ಲ.

ಮುಂದಿನ ಲೆಕ್ಕವೆಲ್ಲ 200 ಲೀಟರ್ ನೀರು, ಎಲ್ಇಡಿ ದೀಪ, ಕೆಳಗೆ ಸಂಪ್ (ನೀರು ಇಳಿದು ಸೋಸಿಕೊಂಡು ಮೇಲೇರುವ ಎರಡನೇ ತೊಟ್ಟಿ) ಇರುವ, ಮೆದು ಹವಳ ಮತ್ತು ಕ್ಲೌನ್ ಮೀನುಗಳ ಟ್ಯಾಂಕಿನದು. ಪಂಪು-ದೀಪಗಳಿಂದ ಅದಕ್ಕೆ ಸೇರುವ ಶಾಖ ಸುಮಾರು 100 ವಾಟ್.

ಒಣಹವೆಯ ಊರಿನಲ್ಲಿ ಫ್ಯಾನಿನಷ್ಟು ಅಗ್ಗದ, ನಂಬಿಕೆಯ ಉಪಾಯ ಬೇರೆ ಇಲ್ಲ. ಒಂದು ಲೀಟರ್ ನೀರು ಆವಿಯಾದರೆ 0.67 ಯೂನಿಟ್‌ನಷ್ಟು (ಕರೆಂಟಿನ ಬಿಲ್ಲಿನ ಯೂನಿಟ್ಟೇ) ಶಾಖ ಹೊರಹೋಗುತ್ತದೆ. 12 ವೋಲ್ಟಿನ, 120 ಮಿ.ಮೀ. ಅಳತೆಯ ಎರಡು ಕಂಪ್ಯೂಟರ್ ಫ್ಯಾನ್ ಹಾಕಿದಾಗ ದಿನಕ್ಕೆ ಸುಮಾರು 4 ಲೀಟರ್ ಆವಿಯಾಯಿತು ಎಂದುಕೊಳ್ಳಿ: 2.7 ಯೂನಿಟ್ ಶಾಖ ಹೋಯಿತು, ಫ್ಯಾನ್ ತಿಂದ ಕರೆಂಟು ಯೂನಿಟ್ಟಿನ ಎಂಟನೇ ಒಂದು ಭಾಗದಷ್ಟು. ನೀರಿನಿಂದ 5–8 ಸೆಂ.ಮೀ. ಮೇಲೆ, ಓರೆಯಾಗಿ, ಗಾಳಿ ನೀರಿನ ಮೈ ಸವರಿಕೊಂಡು ಹೋಗುವಂತೆ ಕೂರಿಸಿ. ಎದುರು ಬದಿ ತೆರೆದಿರಲಿ. ಗಾಜಿನ ಮುಚ್ಚಳ ತೆಗೆದು ಬಲೆ ಹಾಕಿ, ಇಲ್ಲದಿದ್ದರೆ ಮೀನು ಹೊರಗೆ ಹಾರುತ್ತದೆ.

ಫ್ಯಾನ್ ಕೈಕೊಡುವುದು ಹೆಚ್ಚಾಗಿ ಎರಡು ಕಡೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆವಿ ಅಲ್ಲೇ ತುಂಬಿ ತೇವಾಂಶ ಏರುತ್ತದೆ, ಬೆಳಿಗ್ಗೆ ಚೆನ್ನಾಗಿ ತಂಪು ಮಾಡಿದ ಫ್ಯಾನ್ ಸಂಜೆಗೆ ಸುಮ್ಮನೆ ತಿರುಗುತ್ತಿರುತ್ತದೆ. ಇನ್ನೊಂದು ಉಪ್ಪು. ಆವಿಯಾಗುವುದು ನೀರು ಮಾತ್ರ. 4 ಲೀಟರ್ ಹೋದರೆ ಲವಣಾಂಶ ಸಾವಿರಕ್ಕೆ 35ರಿಂದ 35.7ಕ್ಕೆ ಏರುತ್ತದೆ. ತುಂಬಿಸಬೇಕಾದದ್ದು ಆರ್‌ಒ ನೀರು, ಉಪ್ಪುನೀರಲ್ಲ. ಕೈಯಲ್ಲಿ ಸುರಿಯುವುದನ್ನು ಒಂದು ದಿನ ಮರೆತರೂ ಏರುಪೇರು ಆಗುವುದರಿಂದ ಫ್ಲೋಟ್ ಸ್ವಿಚ್ಚಿನ ಆಟೋ ಟಾಪ್-ಆಫ್ (ನೀರಿನ ಮಟ್ಟ ಇಳಿದಾಗ ತಾನೇ ತುಂಬಿಸುವ ಸಾಧನ) ಮತ್ತು 20 ಲೀಟರಿನ ಕ್ಯಾನನ್ನು ಫ್ಯಾನಿನ ಜೊತೆಗೇ ಕೊಳ್ಳಿ. ಫ್ಯಾನಿನ ವೈರು ಪ್ಲಗ್ಗಿಗಿಂತ ಕೆಳಗೆ ಒಂದು ಬಳುಕು ತೂಗಲಿ, ಹನಿ ಪ್ಲಗ್ಗಿಗೆ ಇಳಿಯದು.

ಮಂಗಳೂರು, ಉಡುಪಿ, ಕಾರವಾರದವರಿಗೆ ಚಿಲ್ಲರೇ ಸರಿ. ತೇವಾಂಶ ಎಷ್ಟಿದ್ದರೂ ಅದು ಹೇಳಿದ ಅಂಕಿಗೆ ನೀರನ್ನು ತರುತ್ತದೆ. ಈ ಗಾತ್ರಕ್ಕೆ 1/10 ಎಚ್‌ಪಿ ಸಾಮಾನ್ಯವಾಗಿ ಸಾಕು. ಆದರೆ ಟ್ಯಾಂಕಿನಿಂದ ತೆಗೆದ ಶಾಖದ ಜೊತೆಗೆ ತಾನು ಬಳಸಿದ ಕರೆಂಟಿನ ಶಾಖವನ್ನೂ ಅದು ಕೋಣೆಗೇ ಬಿಡುತ್ತದೆ. ಚಿಲ್ಲರನ್ನು ಸ್ಟ್ಯಾಂಡಿನೊಳಗೆ ಬಚ್ಚಿಟ್ಟರೆ ತನ್ನ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ನಿಲ್ಲದೆ ಓಡುತ್ತದೆ. ಅಂದ ಕೆಟ್ಟರೂ ಚಿಂತೆಯಿಲ್ಲ, ಕಿಟಕಿಯ ಬಳಿ, ಗೋಡೆಯಿಂದ ಒಂದಡಿ ದೂರ ಇಡಿ. ನೀರನ್ನು ಫಿಲ್ಟರ್ ಸಾಕ್ಸ್ (ಕಸ ಸೋಸುವ ಬಟ್ಟೆಚೀಲ) ದಾಟಿದ ಮೇಲೆ ಚಿಲ್ಲರಿಗೆ ಕೊಡಿ. ಹರಿವು ಅದರ ಲೇಬಲ್ಲಿನಲ್ಲಿ ಬರೆದ ಮಿತಿಯೊಳಗಿರಲಿ. ಹೀಟರ್ 25ಕ್ಕೆ, ಚಿಲ್ಲರ್ 27ಕ್ಕೆ ಇರಲಿ. ಎರಡನ್ನೂ 26ಕ್ಕೆ ಇಟ್ಟರೆ ಒಂದು ಕಾಯಿಸುತ್ತದೆ, ಇನ್ನೊಂದು ತಂಪು ಮಾಡುತ್ತದೆ, ಬಿಲ್ಲು ಏರುತ್ತದೆ. ಹೊರಗಿನ ಕಂಟ್ರೋಲರ್ ಬಳಸುವವರು ಕಂಪ್ರೆಸರ್ ಮತ್ತೆ ಶುರುವಾಗುವ ಮೊದಲು ಮೂರು ನಿಮಿಷದ ಬಿಡುವು ಕೊಡಲೇಬೇಕು. ಕಂಡೆನ್ಸರಿನ ಧೂಳನ್ನು ತಿಂಗಳಿಗೊಮ್ಮೆ ಬ್ರಷ್ಷಿನಿಂದ ತೆಗೆಯಿರಿ.

ಪೆಲ್ಟಿಯರ್ ಚಿಲ್ಲರ್ (ಕಂಪ್ರೆಸರ್ ಇಲ್ಲದ, ಕರೆಂಟು ಹರಿದಾಗ ಒಂದು ಮೈ ತಣ್ಣಗಾಗುವ ಬಿಲ್ಲೆಯದು) ಅಗ್ಗವೆಂದು ಈ ಗಾತ್ರಕ್ಕೆ ತರಬೇಡಿ. 20–30 ಲೀಟರಿನ ನ್ಯಾನೋ ಟ್ಯಾಂಕಿಗೆ ಸರಿ, ಅಷ್ಟೇ.

ಎಸಿ ಲೆಕ್ಕಕ್ಕೆ ಬರುವುದು ಆ ಕೋಣೆಯಲ್ಲಿ ಅದು ಹೇಗೂ ಓಡುವುದಿದ್ದರೆ. 24ಕ್ಕೆ ಇಟ್ಟರೆ ನೀರು 26–27ರಲ್ಲಿ ನಿಲ್ಲುತ್ತದೆ, ಗಾಳಿ ಒಣಗುವುದರಿಂದ ಫ್ಯಾನಿಗೂ ಬಲ ಬರುತ್ತದೆ. ರಾತ್ರಿ ಮಾತ್ರ ಎಸಿ ಹಾಕುವ ಮನೆಯಲ್ಲಿ ನೀರು ದಿನಾ ಮೂರು ಡಿಗ್ರಿ ಏರಿಳಿದರೆ ಅದು ಹವಳಕ್ಕೆ ಒಳ್ಳೆಯದಲ್ಲ. ಒಂದು ಡಿಗ್ರಿಯೊಳಗಿನ ಏರಿಳಿತ ನಮ್ಮ ಗುರಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಜನರ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಟ್ಯಾಂಕಿನ ಪಿಎಚ್ ಕೂಡ ಇಳಿಯುತ್ತದೆ. ಸ್ಕಿಮ್ಮರ್ (ಗಾಳಿಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಸಾಧನ) ಗಾಳಿ ಎಳೆಯುವ ಕೊಳವೆಯನ್ನು ಕಿಟಕಿಯಾಚೆ ಬಿಟ್ಟರೆ ಚೇತರಿಸುತ್ತದೆ.

ಐಸ್ ಬಾಟಲಿಯ ಲೆಕ್ಕ ಸರಳ. ಒಂದು ಲೀಟರಿನ ಗಟ್ಟಿ ಬಾಟಲಿ 200 ಲೀಟರನ್ನು ಇಳಿಸುವುದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು. 100 ವಾಟ್ ಶಾಖ ಸೇರುತ್ತಿರುವ ಟ್ಯಾಂಕ್ ಒಂದೂಕಾಲು ಗಂಟೆಯೊಳಗೆ ಅದನ್ನು ವಾಪಸು ಪಡೆಯುತ್ತದೆ. ದಿನನಿತ್ಯದ ಉಪಾಯವಾಗಿ ಇದು ನಿಲ್ಲುವುದಿಲ್ಲ. ಆದರೂ ಫ್ರೀಜರಿನಲ್ಲಿ ನಾಲ್ಕು ಬಾಟಲಿ ಸದಾ ಇರಲಿ: ಚಿಲ್ಲರ್ ಕೆಟ್ಟ ದಿನ ಹೊರಮೈ ತೊಳೆದು ಸಂಪಿನಲ್ಲಿ ಒಂದೊಂದಾಗಿ ತೇಲಿಸಿ, ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳಿ. ಐಸನ್ನು ನೇರವಾಗಿ ನೀರಿಗೆ ಹಾಕಬೇಡಿ, ಲವಣಾಂಶ ಬೀಳುತ್ತದೆ.

ಇವುಗಳಿಗೆ ದುಡ್ಡು ಹಾಕುವ ಮುಂಚೆ ಶಾಖದ ಮೂಲ ಕಡಿಮೆ ಮಾಡಿ. 40 ವಾಟಿನ ಹಳೆಯ ಪಂಪಿನ ಜಾಗಕ್ಕೆ 20 ವಾಟಿನ ಡಿಸಿ ಪಂಪು ಬಂದರೆ ದಿನಕ್ಕೆ ಅರ್ಧ ಯೂನಿಟ್ ಶಾಖ ಹುಟ್ಟುವುದೇ ಇಲ್ಲ. ದೀಪವನ್ನು ಸಂಜೆ ನಾಲ್ಕರಿಂದ ರಾತ್ರಿ ಹನ್ನೆರಡಕ್ಕೆ ಸರಿಸಿ. ಹವಳಕ್ಕೆ ಗಂಟೆಗಳ ಸಂಖ್ಯೆ ಮುಖ್ಯ, ಗಡಿಯಾರವಲ್ಲ. ಕರೆಂಟು ಹೋದಾಗ ಮೊದಲು ಹಚ್ಚಬೇಕಾದದ್ದು ಬ್ಯಾಟರಿಯ ಏರ್ ಪಂಪು, ಐಸ್ ಆಮೇಲೆ. 30 ಡಿಗ್ರಿಯ ಉಪ್ಪುನೀರು 25 ಡಿಗ್ರಿಯ ನೀರಿಗಿಂತ ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ, ಮೀನು ಸಾಯುವುದು ಹೆಚ್ಚಾಗಿ ಅದರಿಂದಲೇ.