ಕುಳೆಂ ರೈಲು ನಿಲ್ದಾಣ: ಯಾರು ಇಳಿಯಬೇಕು, ಯಾರಿಗೆ ಬೇಡ

ವಾಸ್ಕೋ, ಝುವಾರಿನಗರ, ಮಡಗಾಂವ್‌ಗಳಿಂದ ಹುಬ್ಬಳ್ಳಿ ಕಡೆಗೆ ಓಡಾಡುವ ನಮ್ಮ ಜನಕ್ಕೆ ಗೋವಾದ ಘಟ್ಟದ ಬುಡದಲ್ಲಿರುವ ಕುಳೆಂ ಎಂದರೆ ಗಾಡಿ ಸುಮ್ಮನೆ ನಿಂತುಬಿಡುವ ಜಾಗ. ನಿಲ್ಲುವುದು ಸುಮ್ಮನೆ ಅಲ್ಲ. ಇಲ್ಲಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ವರೆಗಿನ ಸುಮಾರು 26 ಕಿ.ಮೀ. ಬ್ರಗಾಂಝಾ ಘಾಟಿಯಲ್ಲಿ ಏರು 37ಕ್ಕೆ 1ರಷ್ಟಿದೆ, ಅಂದರೆ 37 ಮೀಟರ್ ಸಾಗಿದರೆ ಒಂದು ಮೀಟರ್ ಮೇಲೆ. ಮುಂದಿನ ಎಂಜಿನ್ ಒಂದರಿಂದಲೇ ಆಗುವ ಕೆಲಸವಲ್ಲ. ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳನ್ನು ಕುಳೆಂನಲ್ಲಿ ಜೋಡಿಸುತ್ತಾರೆ. ಇಳಿದು ಬರುವ ಗಾಡಿಗಳಿಗೆ ಕ್ಯಾಸಲ್‌ರಾಕ್‌ನಲ್ಲಿ ಬ್ರೇಕ್ ಪರೀಕ್ಷೆ. ನಿಲ್ದಾಣದ ಸ್ವಭಾವವೇ ಇದು: ಮೊದಲು ಎಂಜಿನ್ನಿನ ಚಾಕರಿ, ಆಮೇಲೆ ಪ್ರಯಾಣಿಕರದು.

ಮಾರ್ಗದ ಕಥೆಯೂ ಸರಕಿನಿಂದಲೇ ಶುರು. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ಬಳಿಕ ಮುರ್ಮಗೋವಾ ಬಂದರನ್ನು ಘಟ್ಟದ ಮೇಲಿನ ಸೀಮೆಗೆ ಜೋಡಿಸಲು ಮೀಟರ್‌ಗೇಜ್ ಹಳಿ ಹಾಕಿದರು. 1888ರಲ್ಲಿ ಪೂರ್ತಿ ತೆರೆಯಿತು. ಪೋರ್ಚುಗೀಸರ ಸುಂಕದ ತಪಾಸಣೆ ಕುಳೆಂನಲ್ಲಿ, ಭಾರತದ ಕಡೆಯದು ಕ್ಯಾಸಲ್‌ರಾಕ್‌ನಲ್ಲಿ. ಒಂದೇ ಘಾಟಿಗೆ ಎರಡು ಸಲ ಪೆಟ್ಟಿಗೆ ಬಿಚ್ಚಬೇಕಿತ್ತು. 1955ರಲ್ಲಿ ಭಾರತ ಆರ್ಥಿಕ ದಿಗ್ಬಂಧನ ಹೇರಿದಾಗ ಗಡಿ ದಾಟುವ ಗಾಡಿಗಳು ನಿಂತವು. ಗೋವಾ ವಿಮೋಚನೆಯಾದ ಮೇಲೆ 1962ರಲ್ಲಿ ಮತ್ತೆ ಓಡಿದವು. ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ. ಈಗ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದ ಕೈಯಲ್ಲಿದೆ.

ಸೇವೆಯ ಮಾತಿಗೆ ಬಂದರೆ, ಊರಿಗೆ ಹೋಗುವವರು ಇಲ್ಲಿಗೆ ಬಂದು ಹತ್ತುವುದರಲ್ಲಿ ಅರ್ಥವಿಲ್ಲ. ಯಶವಂತಪುರ ಗಾಡಿ, ಹೌರಾದ ಅಮರಾವತಿ, ಪುಣೆ ಮೇಲೆ ನಿಜಾಮುದ್ದೀನ್‌ಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ ಎಲ್ಲವೂ ವಾಸ್ಕೋದಲ್ಲೇ ಹೊರಡುತ್ತವೆ. ಜನರಲ್ ಬೋಗಿಯಲ್ಲಿ ಕೂರಲು ಜಾಗ ಬೇಕಿದ್ದರೆ ವಾಸ್ಕೋ, ಕೊಂಕಣ ರೈಲ್ವೆಯಿಂದ ಇಳಿದು ಬದಲಿಸುವವರಾದರೆ ಮಡಗಾಂವ್. ಕುಳೆಂ ತಲುಪುವಷ್ಟರಲ್ಲಿ ಬೆಂಚು ತುಂಬಿರುತ್ತದೆ. ಸಾವರ್ಡೆ, ಕಾಳೆಂ ಕಡೆಯ ಸ್ಥಳೀಯರಿಗೆ ವಾಸ್ಕೋ–ಕುಳೆಂ ಪ್ಯಾಸೆಂಜರ್ ಅಗ್ಗದ ದಾರಿ, ಆದರೆ ದಿನಕ್ಕೆ ಕೆಲವೇ ಸಲ. ಒಂದು ತಪ್ಪಿತೆಂದರೆ ಅರ್ಧ ದಿನ ಹೋದಂತೆ. ಊಟವನ್ನು ಮಡಗಾಂವ್‌ನಲ್ಲೇ ಮುಗಿಸಿ, ನೀರು ತುಂಬಿಕೊಂಡು ಬರುವುದು ಜಾಣತನ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ; ಟಿಕೆಟ್, ಗಾಡಿಯ ಸ್ಥಿತಿ ಎರಡನ್ನೂ ಮೊದಲೇ ನೋಡಿಟ್ಟುಕೊಳ್ಳಿ.

ಹಾಗಾದರೆ ಇಳಿಯಬೇಕಾದವರು ಯಾರು? ದೂಧ್‌ಸಾಗರ ಜಲಪಾತಕ್ಕೆ ಹೋಗುವವರು. ಎಡವಟ್ಟು ಹೆಚ್ಚಾಗುವುದೂ ಇಲ್ಲೇ. ದೂಧ್‌ಸಾಗರ ಎಂಬ ಹೆಸರಿನ ನಿಲ್ದಾಣ ಘಾಟಿಯ ನಡುವೆ, ಹಳಿಯ ಮಟ್ಟದಲ್ಲಿದೆ. ಜೀಪು ಕರೆದೊಯ್ಯುವುದು ಜಲಪಾತದ ಬುಡಕ್ಕೆ, ಅದೂ ಕುಳೆಂನಿಂದ. ಎರಡೂ ಒಂದೇ ಎಂದುಕೊಂಡು ಹಳಿ ಹಿಡಿದು ನಡೆಯಲು ಹೊರಡುವವರು ಇಂದಿಗೂ ಇದ್ದಾರೆ. ಅದು ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ: 6 ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸುರಂಗದೊಳಗೆ ಗಾಡಿ ಬಂದರೆ ಸರಿಯಲು ಜಾಗವಿಲ್ಲ ಎಂಬುದು ಕಾನೂನಿಗಿಂತ ದೊಡ್ಡ ಕಾರಣ.

ಜೀಪು ಸಿಗುವುದು ಸುಮಾರಾಗಿ ಅಕ್ಟೋಬರ್‌ನಿಂದ ಮೇವರೆಗೆ. ಮಳೆಗಾಲದಲ್ಲಿ ದಾರಿಯ ಹೊಳೆಗಳು ತುಂಬುವುದರಿಂದ ಬಂದ್. ಜೀಪಿಗೆ 7 ಜನ. ಒಬ್ಬರೋ ಇಬ್ಬರೋ ಬಂದರೆ ಕೌಂಟರಿನ ಬಳಿ ಇನ್ನೊಂದು ಗುಂಪಿನೊಡನೆ ಸೇರಿಕೊಳ್ಳಬೇಕು, ಇಲ್ಲವೇ ಇಡೀ ಜೀಪಿನ ದುಡ್ಡು ಕೊಡಬೇಕು. ಶನಿವಾರ, ಭಾನುವಾರ ಸಾಲು ಬೇಗ ಬೆಳೆಯುವುದರಿಂದ ಬೆಳಗಿನ ಗಾಡಿಯೇ ಸರಿ. ಜೀಪು ನಿಂತ ಮೇಲೂ ಬಂಡೆಗಳ ಮೇಲೆ ನಡಿಗೆ ಇದೆ; ಜಾರುವ ಚಪ್ಪಲಿ ಬೇಡ. ವಯಸ್ಸಾದ ಅಪ್ಪ-ಅಮ್ಮನನ್ನು ಕರೆತಂದಿದ್ದರೆ ಜೀಪಿನ ಕುಲುಕಾಟಕ್ಕಿಂತ ಘಾಟಿ ಹತ್ತುವ ಹಗಲು ಗಾಡಿಯ ಕಿಟಕಿಯೇ ಎಷ್ಟೋ ವಾಸಿ.

ತಡದ ಬಗ್ಗೆ ಎಲ್ಲರ ಗೊಣಗಾಟ ಇದ್ದದ್ದೇ. ಘಾಟಿಯಲ್ಲಿ ಒಂಟಿ ಹಳಿ. ಬಂದರಿನಿಂದ ಕಲ್ಲಿದ್ದಲು ಹೊತ್ತ ಗೂಡ್ಸ್ ಎದುರಾದರೆ ಸೋನಾವಳಿಯಲ್ಲೋ ಕಾರಂಜೋಳದಲ್ಲೋ ಕ್ರಾಸಿಂಗಿಗೆ ಕಾಯಬೇಕು. ಹಳಿ ಜೋಡಿ ಮಾಡುವ ಯೋಜನೆಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಹಳಿ ಹಾದುಹೋಗುವ ಮೊಲ್ಲೆಂ ಕಾಡಿನ ದೃಷ್ಟಿಯಿಂದ ಅದು ಸರಿಯೇ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ ಬೇರೆ: 2021ರ ಜುಲೈನಲ್ಲಿ ಈ ದಾರಿಗೆ ತಿರುಗಿಸಿದ್ದ ಮಂಗಳೂರು–ಮುಂಬೈ ಗಾಡಿ ದೂಧ್‌ಸಾಗರ ಮತ್ತು ಸೋನಾವಳಿ ನಡುವೆ ಹಳಿ ತಪ್ಪಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಮುನ್ನ ರೈಲ್ವೆ ವಿಚಾರಣೆಯ 139ಕ್ಕೆ ಒಂದು ಕರೆ ಮಾಡಿ. ಕುಳೆಂನಲ್ಲಿ ಸಿಕ್ಕಿಹಾಕಿಕೊಂಡರೆ ಸುಮಾರು 5 ಕಿ.ಮೀ. ದೂರದ ಮೊಲ್ಲೆಂಗೆ ಬಾಡಿಗೆ ಗಾಡಿ ಹಿಡಿಯಿರಿ. ಪಣಜಿ–ಬೆಳಗಾವಿ ಹೆದ್ದಾರಿಯ ಬಸ್ಸು ಅಲ್ಲಿ ಸಿಗುತ್ತದೆ.