ಮಾಲ್ಡೀವ್ಸ್‌ನ ಅದೇ ರೆಸಾರ್ಟ್‌ಗೆ ಮತ್ತೆ ಹೊರಟವರು ಇದನ್ನೊಮ್ಮೆ ಓದಿ

2025ರ ಆಗಸ್ಟ್‌ನ ಒಂದು ಬೆಳಿಗ್ಗೆ, ಹನ್ನೊಂದರ ಸುಮಾರಿಗೆ, ನನ್ನ ಗಂಡ ಸಮುದ್ರದಲ್ಲಿ ಕಣ್ಮರೆಯಾದರು. ಹದಿನೈದು ನಿಮಿಷದಲ್ಲಿ ಜೆಟ್ಟಿಯ ಹತ್ತಿರ ಬಂದು ಏಳುತ್ತೇನೆ ಎಂದು ಹೇಳಿ ನೀರಿಗಿಳಿದವರು, ನಲವತ್ತು ನಿಮಿಷ ಕಳೆದರೂ ಬರಲಿಲ್ಲ. ಅವರನ್ನು ಕರೆತಂದದ್ದು ರೆಸಾರ್ಟಿನವರಲ್ಲ. ಕಟ್ಟಡದ ಕೆಲಸಗಾರರನ್ನು ಸಾಗಿಸುತ್ತಿದ್ದ ಒಂದು ದೋಣಿಯವರು. ಇದನ್ನು ಬರೆಯುತ್ತಿರುವುದಕ್ಕೆ ಮುಖ್ಯ ಕಾರಣ ಅದೇ. ದುಡ್ಡು ಹೋದ ಕಥೆ, ಜಗಳದ ಕಥೆ ಕೂಡ ಇದೆ, ಅದನ್ನೂ ಹೇಳುತ್ತೇನೆ. ಏಕೆಂದರೆ ಎಲ್ಲದರ ಬೇರು ಒಂದೇ ಕಡೆ ಇತ್ತು. ಆ ಜಾಗ ನಮಗೆ ಗೊತ್ತು ಅಂತ ನಾವು ನಂಬಿದ್ದೆವು.

ಮೊದಲ ಸಲ ಹೋದದ್ದು 2019ರ ಫೆಬ್ರವರಿಯಲ್ಲಿ. ಮಾಲ್ಡೀವ್ಸ್‌ನಲ್ಲಿ ಸುಮಾರು 1,190 ಹವಳದ ದ್ವೀಪಗಳಿವೆ. ರೆಸಾರ್ಟ್ ಇರುವ ಕಡೆ ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ನಾವು ಹೋದದ್ದು ತೀರಾ ಚಿಕ್ಕದು, ನಲವತ್ತು ವಿಲ್ಲಾ ಕೂಡ ಇರಲಿಲ್ಲ. ಬರಿಗಾಲಲ್ಲಿ ದ್ವೀಪವನ್ನು ಒಂದು ಸುತ್ತು ಹಾಕಲು ಹದಿನೈದು ನಿಮಿಷ ಸಾಕಿತ್ತು. ನಮ್ಮ ವಿಲ್ಲಾ ಪಡುವಣ ದಿಕ್ಕಿಗೆ, ಸೂರ್ಯ ಮುಳುಗುವ ಕಡೆಗಿತ್ತು. ಮೆಟ್ಟಿಲಿಳಿದರೆ ಮೂವತ್ತು ಹೆಜ್ಜೆ ಬಿಳಿ ಮರಳು, ಆಮೇಲೆ ಮೊಣಕಾಲುದ್ದದ ನೀರು, ಅದರಲ್ಲಿ ಓಡಾಡುವ ಮೊಳದುದ್ದದ ಮರಿ ಶಾರ್ಕ್‌ಗಳು. ವಿಲ್ಲಾ ನೋಡಿಕೊಳ್ಳುತ್ತಿದ್ದ ಹುಡುಗ ಎರಡನೇ ದಿನಕ್ಕೇ ನಮ್ಮ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಹೊರಡುವ ದಿನ ನಾನು ಅತ್ತಿದ್ದೆ. ಮದುವೆಯ ಹತ್ತನೇ ವರ್ಷಕ್ಕೆ ಇಲ್ಲಿಗೇ ಬರೋಣ ಎಂದು ಅಲ್ಲೇ, ಆ ಜೆಟ್ಟಿಯ ಮೇಲೇ ನಿಂತು ಮಾತಾಡಿಕೊಂಡಿದ್ದೆವು.

ಆ ಮಾತೇ ನಮ್ಮ ಕಣ್ಣು ಕಟ್ಟಿತು. ಬುಕ್ ಮಾಡುವಾಗ ಒಂದು ಹೊಸ ಪ್ರಶ್ನೆಯನ್ನೂ ಕೇಳಲಿಲ್ಲ. "ನೀವು ನಮ್ಮ ಹಳೆಯ ಅತಿಥಿಗಳು, ಅದೇ ವಿಲ್ಲಾ ಕೊಡುತ್ತೇವೆ" ಎಂದು ಮೇಲ್ ಬಂತು. ಇವರು ಅದೇ ದಿನ ಮುಂಗಡ ಕಟ್ಟಿಬಿಟ್ಟರು. ಬೇರೆ ಯಾವುದೇ ಹೊಸ ಜಾಗವಾಗಿದ್ದರೆ ನಾನು ಒಂದು ವಾರ ಕೂತು ಜನ ಬರೆದ ಅಭಿಪ್ರಾಯಗಳನ್ನೆಲ್ಲ ಓದುತ್ತಿದ್ದೆ. ಇಲ್ಲಿ ಒಂದನ್ನೂ ಓದಲಿಲ್ಲ.

ಮೊದಲ ಪೆಟ್ಟು ರಾಜಧಾನಿ ಮಾಲೆಯಲ್ಲೇ ಬಿತ್ತು. ಅಲ್ಲಿಂದ ನಮ್ಮ ದ್ವೀಪಕ್ಕೆ ಹೋಗುವುದು ಸೀಪ್ಲೇನಿನಲ್ಲಿ, ಅಂದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ. ಅದು ಹಗಲಲ್ಲಿ ಮಾತ್ರ ಹಾರುತ್ತದೆ, ಪೈಲಟ್‌ಗೆ ಇಳಿಯುವ ನೀರು ಕಣ್ಣಿಗೆ ಕಾಣಬೇಕು. 2019ರಲ್ಲಿ ನಾವು ಬೆಳಗಿನ ವಿಮಾನದಲ್ಲಿ ಬಂದಿದ್ದರಿಂದ ಇದರ ಬಿಸಿ ತಟ್ಟಿರಲಿಲ್ಲ. ಈ ಸಲ ವೆಲಾನಾ ವಿಮಾನ ನಿಲ್ದಾಣದಲ್ಲಿ ಮಧ್ಯಾಹ್ನ ಮೂರಕ್ಕೆ ಇಳಿಯಬೇಕಿದ್ದ ವಿಮಾನ ಇಳಿದಾಗ ಐದು ಗಂಟೆ. ಸೀಪ್ಲೇನ್ ಇಲ್ಲ. ಪಕ್ಕದ ಹುಳುಮಾಲೆ ದ್ವೀಪದಲ್ಲಿ ನಮ್ಮ ದುಡ್ಡಿನಲ್ಲಿ ಒಂದು ರಾತ್ರಿ ಕಳೆದೆವು. ರೆಸಾರ್ಟ್ ಆ ರಾತ್ರಿಯ ಬಾಡಿಗೆಯನ್ನೂ ಪೂರ್ತಿ ಹಾಕಿತು. ಶರತ್ತಿನಲ್ಲಿ ಬರೆದಿತ್ತು, ನಾವು ಓದಿರಲಿಲ್ಲ. ಸೀಪ್ಲೇನ್ ದ್ವೀಪಕ್ಕೆ ಹೋಗುವವರು ದಯವಿಟ್ಟು ಬೆಳಿಗ್ಗೆ ಇಳಿಯುವ ವಿಮಾನವನ್ನೇ ಹಿಡಿಯಿರಿ, ಟಿಕೆಟ್ ದುಬಾರಿಯಾದರೂ ಸರಿ.

ಆ ಒಂದು ರಾತ್ರಿಯ ಲೆಕ್ಕ ನೋಡಿ. ನಮಗೆ ಹೇಳಿದ ದರ 780 ಡಾಲರ್, ಅದರ ಪಕ್ಕದಲ್ಲಿ ಎರಡು ಪ್ಲಸ್ ಗುರುತು. ಮೊದಲನೆಯದು 10% ಸೇವಾ ಶುಲ್ಕ. ಎರಡನೆಯದು ಪ್ರವಾಸಿಗರ ಮೇಲಿನ ಜಿಎಸ್‌ಟಿ. ಅದು ಸೇವಾ ಶುಲ್ಕ ಸೇರಿಸಿದ ಮೊತ್ತದ ಮೇಲೆ ಬೀಳುತ್ತದೆ. 2019ರಲ್ಲಿ ಅದು 12% ಇತ್ತು, 2023ರ ಜನವರಿಯಲ್ಲಿ 16% ಆಯಿತು, 2025ರ ಜುಲೈ 1ರಿಂದ 17%. ಹೀಗೆ 780 ಡಾಲರ್ ಬಿಲ್ಲಿಗೆ ಬರುವಷ್ಟರಲ್ಲಿ 1,003 ಡಾಲರ್ 86 ಸೆಂಟ್ ಆಗಿತ್ತು. ಅದರ ಮೇಲೆ ಹಸಿರು ತೆರಿಗೆ. ರೆಸಾರ್ಟ್‌ಗಳಲ್ಲಿ ತಲೆಗೆ ರಾತ್ರಿಗೆ 6 ಡಾಲರ್ ಇದ್ದದ್ದು 2025ರ ಆರಂಭದಿಂದ 12 ಡಾಲರ್. ಇದರಲ್ಲಿ ರೆಸಾರ್ಟಿನ ತಪ್ಪೇನೂ ಇಲ್ಲ, ಅಲ್ಲಿನ ಕಾನೂನು. ಆದರೆ ಹಳೆಯ ಬಿಲ್ ನೆನಪಿಟ್ಟುಕೊಂಡು ಬಜೆಟ್ ಹಾಕಿದವರಿಗೆ ಇದು ದೊಡ್ಡ ಹೊಡೆತ. ಎಲ್ಲ ಸೇರಿಸಿ ಕೊನೆಯ ಮೊತ್ತ ಎಷ್ಟು ಎಂದು ಒಂದೇ ಅಂಕಿಯಲ್ಲಿ ಬರೆಸಿಕೊಳ್ಳಿ. ಸೀಪ್ಲೇನ್ ಬೇರೆ, ನಮಗೆ ಹೋಗಿಬರಲು ತಲೆಗೆ 520 ಡಾಲರ್ ಆಯಿತು.

ಮರುದಿನ ಸೀಪ್ಲೇನಿನ ಕಿಟಕಿಯಿಂದಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಹವಳದ ದಿಬ್ಬದೊಳಗಿನ ನೀರು ತಿಳಿನೀಲಿ ಇರಬೇಕಿತ್ತು. ದ್ವೀಪದ ಒಂದು ಮಗ್ಗುಲಲ್ಲಿ ಅದು ಹಾಲು ಚೆಲ್ಲಿದಂತೆ ಬೆಳ್ಳಗೆ, ಮಸುಕಾಗಿತ್ತು. ಒಂದು ಬಾರ್ಜ್ (ಭಾರ ಸಾಗಿಸುವ ಚಪ್ಪಟೆ ದೋಣಿ), ಅದರ ಮೇಲೊಂದು ಹಿಟಾಚಿ, ದಡದವರೆಗೆ ಬಂದ ದಪ್ಪ ಪೈಪು. ನೀರಿನ ಮೇಲೆ ಹೊಸ ವಿಲ್ಲಾಗಳ ಸಾಲಿಗೆ ಕಂಬ ನೆಡುತ್ತಿದ್ದರು.

ಕೊಟ್ಟದ್ದು ಅದೇ ವಿಲ್ಲಾ ನಿಜ. ಮೆಟ್ಟಿಲಿಳಿದರೆ ಮರಳು ಇರಲಿಲ್ಲ. ಕೊನೆಯ ಮೆಟ್ಟಿಲಿಗೇ ಅಲೆ ಬಡಿಯುತ್ತಿತ್ತು, ಪಕ್ಕದಲ್ಲಿ ಬೂದು ಬಣ್ಣದ ದೊಡ್ಡ ಮರಳಿನ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದ್ದರು. "ರೀ, ಇದು ನಮ್ಮ ದಡಾನೇನಾ?" ಅಂದೆ. ಇವರು ಉತ್ತರ ಕೊಡಲಿಲ್ಲ, ಹೋಗಿ ಬಾಗಿಲ ಮೇಲಿನ ನಂಬರ್ ಮತ್ತೆ ನೋಡಿಕೊಂಡು ಬಂದರು.

ಇದರಲ್ಲಿ ಅರ್ಧ ಪಾಲು ಋತುವಿನದು, ಆಮೇಲೆ ತಿಳಿಯಿತು. ಮಾಲ್ಡೀವ್ಸ್‌ನ ಇಂಥ ಪುಟ್ಟ ದ್ವೀಪಗಳಲ್ಲಿ ಮರಳು ಒಂದೇ ಕಡೆ ನಿಲ್ಲುವುದಿಲ್ಲ. ಈಶಾನ್ಯದ ಗಾಳಿಯ ಒಣ ಕಾಲಕ್ಕೆ ಅಲ್ಲಿಯವರು ಇರುವೈ ಎನ್ನುತ್ತಾರೆ, ನೈರುತ್ಯದ ಮಳೆಗಾಲಕ್ಕೆ ಹುಳಂಗು. ಗಾಳಿ ತಿರುಗಿದಂತೆ ಅಲೆ ತಿರುಗುತ್ತದೆ, ಅಲೆಯ ಜೊತೆ ಮರಳೂ ದ್ವೀಪದ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಸರಿಯುತ್ತದೆ. ಫೆಬ್ರವರಿಯಲ್ಲಿ ನಾವು ಕಂಡ ಪಡುವಣ ದಡ ಆಗಸ್ಟ್‌ನಲ್ಲಿ ಮೂಡಣಕ್ಕೆ ಹೋಗಿತ್ತು. ಇದು ರೆಸಾರ್ಟಿನವರಿಗೆ ಪ್ರತಿವರ್ಷ ಗೊತ್ತಿರುವ ಸಂಗತಿ. ಆಗಸ್ಟ್‌ನಲ್ಲಿ ಆ ವಿಲ್ಲಾಕ್ಕೆ ದಡ ಇರುವುದಿಲ್ಲ ಅಂತ ಒಂದು ಸಾಲು ಬರೆದಿದ್ದರೆ ನಾವು ಬೇರೆ ವಿಲ್ಲಾ ಕೇಳುತ್ತಿದ್ದೆವು. ಅವರು ಬರೆಯಲಿಲ್ಲ, ಫೆಬ್ರವರಿಯಂತೆ ಕಾಣುವ ಫೋಟೋ ಕಳಿಸಿದರು. ಇದನ್ನು ನಾನು ಮೋಸ ಅಂತಲೇ ಕರೆಯುತ್ತೇನೆ.

ಇನ್ನರ್ಧ ಪಾಲು ಕಾಮಗಾರಿಯದು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಪಂಪಿನ ಸದ್ದು. ಸಮುದ್ರದ ತಳದ ಮರಳನ್ನು ನೀರಿನ ಸಮೇತ ಹೀರಿ ದಡಕ್ಕೆ ಸುರಿಯುತ್ತಿದ್ದರು. ದಪ್ಪ ಮರಳು ದಡದಲ್ಲಿ ನಿಲ್ಲುತ್ತದೆ, ನುಣುಪಾದ ಕೆಸರು ನೀರಿನಲ್ಲಿ ತೇಲಿಕೊಂಡು ಹೋಗಿ ಹವಳದ ಮೇಲೆ ಕೂರುತ್ತದೆ. ಹವಳದ ಜೀವಿಯ ಮೈಯೊಳಗಿರುವ ಪಾಚಿಗೆ ಬಿಸಿಲು ಬೇಕು. ಹವಳ ಹೆಚ್ಚಾಗಿ ಬದುಕುವುದು ಅದು ತಯಾರಿಸುವ ಆಹಾರದಿಂದ. ಮೇಲೆ ಕೆಸರು ಕೂತರೆ ಬೆಳಕೂ ಇಲ್ಲ, ಉಸಿರೂ ಇಲ್ಲ. ನಾವು 2019ರಲ್ಲಿ ಕಂಡದ್ದು 1998 ಮತ್ತು 2016ರ ಬಿಸಿನೀರಿನ ಹೊಡೆತಗಳಿಂದ ಚೇತರಿಸಿಕೊಳ್ಳುತ್ತಿದ್ದ ಹವಳ. ನೇರಳೆ ತುದಿಯ ಎಳೆಯ ಕೊಂಬೆಗಳಿದ್ದವು. 2024ರಲ್ಲಿ ಮತ್ತೆ ನೀರು ಬಿಸಿಯಾಗಿ ಲೋಕದ ಹಲವೆಡೆ ಹವಳ ಬಿಳಿಚಿತು. ಈಗ ನಾವು ಕಂಡದ್ದು ಕಂದು ಪಾಚಿ ಹಿಡಿದ ಮೋಟುಗಳು, ಮೇಲೆ ಬೂದಿಯಂಥ ಪದರ. ಮುಟ್ಟಿದರೆ ಹೊಗೆಯ ಹಾಗೆ ಏಳುತ್ತಿತ್ತು. ನೀರೊಳಗೇ ನನಗೆ ಗಂಟಲು ಕಟ್ಟಿತು.

ಮೂರನೇ ದಿನದ ಬೆಳಿಗ್ಗೆ ಇವರು, ದ್ವೀಪದ ಮೂಡಣ ತುದಿಯ ಕಡೆ ನೀರು ಸ್ವಲ್ಪ ತಿಳಿಯಾಗಿದೆ, ಹೋಗಿಬರುತ್ತೇನೆ ಅಂದರು. ಹಿಂದಿನ ಸಲ ನಾವಿಬ್ಬರೂ ದಿನವೂ ಮಾಡುತ್ತಿದ್ದದ್ದೇ. ಮೂಡಣ ತುದಿಯ ಹತ್ತಿರ ನೀರಿಗಿಳಿದು ಸುಮ್ಮನೆ ಮೈ ಬಿಟ್ಟರೆ, ಸೆಳವು ಹವಳದ ದಿಬ್ಬದ ಅಂಚಿನುದ್ದಕ್ಕೂ ತೇಲಿಸಿಕೊಂಡು ಪಡುವಣದ ಜೆಟ್ಟಿಗೆ ತಂದು ಬಿಡುತ್ತಿತ್ತು. ನಾನು ಜೆಟ್ಟಿಯಲ್ಲಿ ಟವೆಲ್ ಹಿಡಿದು ಕೂತೆ.

ಗಾಳಿಯ ಹಾಗೆ ಸೆಳವೂ ತಿರುಗುತ್ತದೆ ಎಂದು ನಮಗೆ ಹೊಳೆಯಲೇ ಇಲ್ಲ. ಇರುವೈ ಕಾಲದಲ್ಲಿ ಅಲ್ಲಿನ ಸೆಳವು ಸಾಮಾನ್ಯವಾಗಿ ಮೂಡಣದಿಂದ ಪಡುವಣಕ್ಕೆ, ಹುಳಂಗಿನಲ್ಲಿ ಪಡುವಣದಿಂದ ಮೂಡಣಕ್ಕೆ. ಇವರು ಇಳಿದ ಎರಡೇ ನಿಮಿಷಕ್ಕೆ ಸೆಳವು ಜೆಟ್ಟಿಯಿಂದ ದೂರಕ್ಕೆ, ದ್ವೀಪದ ತುದಿ ದಾಟಿಸಿ ಆಚೆಗೆ ಎಳೆಯಲು ಶುರು ಮಾಡಿತು. ಗಾಬರಿಯಲ್ಲಿ ಸೆಳವಿಗೆ ಎದುರಾಗಿ ಈಜಿ ದಣಿದರು. ಎದುರಾಗಿ ಈಜಬಾರದು, ಅಡ್ಡಕ್ಕೆ, ದಿಬ್ಬದ ಕಡೆಗೆ ಈಜಬೇಕು. ಅದು ಇವರಿಗೂ ಗೊತ್ತಿತ್ತು, ಆ ಹೊತ್ತಿಗೆ ತಲೆ ಓಡಲಿಲ್ಲ. 2019ರಲ್ಲಿ ಮೊದಲ ದಿನವೇ ಒಬ್ಬರು ಬಂದು ನಕ್ಷೆ ತೋರಿಸಿ, ಇವತ್ತು ಸೆಳವು ಎತ್ತ ಎಂದು ಹೇಳಿದ್ದರು. ನೀರಿಗಿಳಿಯುವ ಜಾಗದಲ್ಲಿ ಹಗ್ಗ, ಕೆಂಪು ಬಾವುಟ ಇದ್ದವು. ಈ ಸಲ ಹಗ್ಗವೂ ಇಲ್ಲ, ಬಾವುಟವೂ ಇಲ್ಲ. ಚೆಕ್-ಇನ್ ಮಾಡುವಾಗ, ನೀವು ಹಳಬರು, ನಿಮಗೇನು ಹೇಳುವುದು ಎಂದು ನಕ್ಕು ಬಿಟ್ಟಿದ್ದರು.

ನಾನು ಜೆಟ್ಟಿಯಿಂದ ಕೂಗಿಕೊಂಡು ಓಡಿದೆ. ಡೈವಿಂಗ್ ಕೇಂದ್ರದಲ್ಲಿ ಒಬ್ಬನೇ ಒಬ್ಬ, ಅವನ ಬಳಿ ದೋಣಿ ಇರಲಿಲ್ಲ. ಅದು ಬಾರ್ಜಿನ ಕೆಲಸಕ್ಕೆ ಹೋಗಿತ್ತು. ಅಷ್ಟರಲ್ಲಿ ಆಚೆಯಿಂದ ಕೆಲಸಗಾರರ ದೋಣಿ ಬಂತು. ಅಲ್ಲಿನ ಧಿವೇಹಿ ಭಾಷೆಯಲ್ಲೂ ಅದಕ್ಕೆ ದೋನಿ ಅಂತಲೇ ಹೆಸರು. ಇವರು ಅದರಲ್ಲಿ ಟಾರ್ಪಾಲ್ ಹೊದ್ದು ಕೂತಿದ್ದರು, ಎರಡೂ ಅಂಗಾಲು ಹವಳಕ್ಕೆ ತಾಗಿ ಕೊಯ್ದಿತ್ತು. ಆ ದೋಣಿಯವರು ಏನೂ ತೆಗೆದುಕೊಳ್ಳಲಿಲ್ಲ. ನೀರು ಕುಡಿಸಿ, ಬೆನ್ನು ತಟ್ಟಿ ಹೋದರು. ಅವರ ಉಪಕಾರ ನಾನು ಬದುಕಿರುವವರೆಗೂ ಮರೆಯುವುದಿಲ್ಲ.

ಆ ಸಂಜೆ ಮ್ಯಾನೇಜರ್ ಮುಂದೆ ಕೂತೆವು. ಎರಡು ವರ್ಷದ ಹಿಂದೆ ನಡೆಸುವವರು ಬದಲಾದರಂತೆ. ಅಲ್ಲಿ ದ್ವೀಪ ಸರ್ಕಾರದ್ದು, ಗುತ್ತಿಗೆ ಪಡೆದವರು ಒಬ್ಬರು, ರೆಸಾರ್ಟ್ ನಡೆಸುವವರು ಇನ್ನೊಬ್ಬರು ಇರಬಹುದು. ಹೆಸರು ಮಾತ್ರ ಹಾಗೇ ಉಳಿದಿರುತ್ತದೆ. ನಮ್ಮ ಹುಡುಗನೂ ಸೇರಿ ಹಳೆಯ ಕೆಲಸದವರು ಬಹುತೇಕ ಬಿಟ್ಟುಹೋಗಿದ್ದರು. ಕಾಮಗಾರಿಯ ಬಗ್ಗೆ ಕೇಳಿದರೆ, ಬುಕಿಂಗ್ ಇ-ಮೇಲ್‌ನ ಕೊನೆಯಲ್ಲಿದ್ದ ಸಣ್ಣ ಅಕ್ಷರದ ಸಾಲು ತೋರಿಸಿದರು: ಸೌಲಭ್ಯ ಸುಧಾರಣೆಯ ಕೆಲಸ ನಡೆಯುತ್ತಿರಬಹುದು. ಬೇರೆ ರೆಸಾರ್ಟ್‌ಗೆ ಕಳಿಸಿ ಅಂದೆವು. ಕಳಿಸಬಹುದು, ಸೀಪ್ಲೇನ್ ಖರ್ಚು ನಿಮ್ಮದು, ಇಲ್ಲಿನ ಹಣ ವಾಪಸಿಲ್ಲ ಅಂದರು. ಊರೊಳಗಿನ ಹೋಟೆಲ್ ಆಗಿದ್ದರೆ ಪೆಟ್ಟಿಗೆ ಎತ್ತಿಕೊಂಡು ಎದುರಿನದಕ್ಕೆ ಹೋಗುತ್ತಿದ್ದೆವು. ಒಂದೇ ರೆಸಾರ್ಟ್ ಇರುವ ದ್ವೀಪದಲ್ಲಿ ಆ ದಾರಿ ಇಲ್ಲ, ಅವರು ಕೊಟ್ಟ ಅನ್ನ, ಅವರು ಹೇಳಿದ ಬೆಲೆ. ಹೋಗುವ ಮುಂಚೆ ಕೇಳಲೇಬೇಕಾದ್ದು ಅದಕ್ಕೇ.

ನಮಗೆ ಉಪಯೋಗಕ್ಕೆ ಬಂದದ್ದು ಇವರು ಎರಡನೇ ದಿನವೇ ಮಾಡಿದ ಒಂದು ಕೆಲಸ. ತಾರೀಕು, ಸಮಯ ಕಾಣುವಂತೆ ಫೋಟೋ, ವಿಡಿಯೋ ತೆಗೆದು, ದೂರನ್ನು ಮೇಲ್‌ನಲ್ಲಿ ರೆಸಾರ್ಟ್‌ಗೂ ಬುಕ್ ಮಾಡಿಸಿದ ಏಜೆಂಟ್‌ಗೂ ಒಟ್ಟಿಗೆ ಕಳಿಸಿದ್ದರು. ಮ್ಯಾನೇಜರ್ ಕೊಡಲು ಬಂದದ್ದು ಒಂದು ರಾತ್ರಿಯ ಊಟ ಮತ್ತು ಮುಂದಿನ ಸಲಕ್ಕೆ ರಿಯಾಯಿತಿ. ಸಹಿ ಹಾಕಿ ಅದನ್ನು ತೆಗೆದುಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹಾಕಲಿಲ್ಲ. ಏಳು ವಾರ ಮೇಲ್ ಬರೆದ ಮೇಲೆ ಎರಡು ರಾತ್ರಿಯ ಬಾಡಿಗೆ ವಾಪಸು ಬಂತು.

ಮನೆಗೆ ಬಂದ ಮೇಲೆ ನನಗೆ ತಿಳಿದ ಇನ್ನೊಂದು ಸಂಗತಿ, ಇದನ್ನು ಖಂಡಿತ ಮಾಡಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು ಐದು ದಿನಕ್ಕೊಮ್ಮೆ ತೆಗೆಯುವ ಚಿತ್ರಗಳನ್ನು ಕೋಪರ್ನಿಕಸ್ ಬ್ರೌಸರ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ, ಆದರೂ ಒಂದೆರಡು ಸ್ಪಷ್ಟ ಚಿತ್ರ ಸಿಕ್ಕೇ ಸಿಗುತ್ತವೆ. ನಮ್ಮ ದ್ವೀಪವನ್ನು ಹುಡುಕಿ ಹಿಂದಕ್ಕೆ ಹೋದೆ. ಮೇ ತಿಂಗಳ ಚಿತ್ರದಲ್ಲೇ ಆ ಹಾಲಿನ ಕಲೆ ಇತ್ತು. ನಾವು ಕೊನೆಯ ಕಂತು ಕಟ್ಟಿದ್ದು ಜೂನ್‌ನಲ್ಲಿ.

ನೀರಿಗಿಳಿಯುವವರಿಗೆ ಇನ್ನೊಂದು ಮಾತು. ಏಣಿ ಹಿಡಿದುಕೊಂಡೇ ಮಾಸ್ಕ್ ಹಾಕಿ ಒಂದು ನಿಮಿಷ ಕೆಳಗೆ ನೋಡಿ. ಮೀನುಗಳು ಸಾಮಾನ್ಯವಾಗಿ ಸೆಳವಿಗೆ ಮುಖ ಮಾಡಿ ನಿಲ್ಲುತ್ತವೆ. ಇದನ್ನು ಇವರಿಗೆ ಹೇಳಿಕೊಟ್ಟದ್ದು ಆ ದೋಣಿಯ ಮುದುಕ. ಒಬ್ಬರೇ ಇಳಿಯಬೇಡಿ, ಹೋದ ವರ್ಷ ಇಳಿದ ಜಾಗವೇ ಆಗಿದ್ದರೂ.

ಇವರ ಕಾಲು ವಾಸಿಯಾಗಲು ಒಂದು ತಿಂಗಳು ಹಿಡಿಯಿತು. ಮೊನ್ನೆ, ಮತ್ತೆ ಸಮುದ್ರಕ್ಕೆ ಹೋಗೋಣವಾ ಎಂದು ಇವರೇ ಕೇಳಿದರು. ನಾನು ಬೇರೆ ಮೂರು ರೆಸಾರ್ಟ್‌ಗಳಿಗೆ ಒಂದೇ ಪತ್ರ ಬರೆದೆ: ನಮ್ಮ ತಾರೀಕಿನಲ್ಲಿ ದ್ವೀಪದಲ್ಲಾಗಲಿ ಸುತ್ತಲಿನ ನೀರಿನಲ್ಲಾಗಲಿ ಕಾಮಗಾರಿ ಇದೆಯೇ, ನೀವು ಕೊಡುವ ವಿಲ್ಲಾದ ಮುಂದಿನ ದಡದ ಈ ವಾರದ ಫೋಟೋ ಕಳಿಸುತ್ತೀರಾ, ಆ ತಿಂಗಳು ಸೆಳವು ಎತ್ತ ಇರುತ್ತದೆ. ಇಬ್ಬರು ಹೂವಿನ ಚಿತ್ರವಿರುವ ಬ್ರೋಶರ್ ಕಳಿಸಿದರು. ಮೂರನೆಯವರು ಫೋಟೋ ಜೊತೆ ಎರಡು ಸಾಲು ಬರೆದರು: ನೀವು ಕೇಳಿದ ವಿಲ್ಲಾದ ಮುಂದೆ ಈಗ ಮರಳಿಲ್ಲ, ಮೂಡಣ ಕಡೆಯದು ಕೊಡುತ್ತೇವೆ, ಅಥವಾ ಜನವರಿಗೆ ಬನ್ನಿ. ಇವರು ಆ ಪತ್ರವನ್ನು ಎರಡು ಸಲ ಓದಿಸಿದರು. ಹಣ ಇನ್ನೂ ಕಟ್ಟಿಲ್ಲ, ಉಪಗ್ರಹದ ಚಿತ್ರ ನೋಡುವುದು ಬಾಕಿ ಇದೆ.