ಮಾರ್ಟಿ ರಿಪೋರ್ಟ್: ಹಳೇ ಮಸ್ಟಾಂಗ್‌ಗೆ ಬಿಡಿಭಾಗ ಕೊಳ್ಳುವ ಮುಂಚೆ ತರಿಸಬೇಕಾದ ಜಾತಕ

1969ರ ಫೋರ್ಡ್ ಮಸ್ಟಾಂಗ್ ಒಂದನ್ನು ಕಾರ್ಖಾನೆಯಿಂದ ಹೊರಬಂದ ಹಾಗೇ ಮತ್ತೆ ಜೋಡಿಸಲು ಹೊರಟವರನ್ನು ಎಂಜಿನ್ನಿಗಿಂತ ಹೆಚ್ಚು ಸತಾಯಿಸುವುದು ಸಣ್ಣಪುಟ್ಟ ಸಾಮಾನು: ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ವೋಲ್ಟೇಜ್ ರೆಗ್ಯುಲೇಟರ್, ಥರ್ಮೋಸ್ಟಾಟ್ ಹೌಸಿಂಗ್. ನೋಡಲು ಒಂದೇ ಥರ ಇರುವ ಹತ್ತರಲ್ಲಿ ನಿಮ್ಮ ಕಾರಿಗೆ ಸಲ್ಲುವುದು ಯಾವುದೆಂದು ಹೇಳುವುದು ಅದರ ಮೇಲಿನ ನಂಬರ್ ಮತ್ತು ತಾರೀಖು. ತಾರೀಖು ಹೊಂದುತ್ತದೋ ಇಲ್ಲವೋ ತಿಳಿಯಲು ಮೊದಲು ಕಾರು ಹುಟ್ಟಿದ ದಿನ ಗೊತ್ತಿರಬೇಕು. ಅಮೆರಿಕದ ಅರಿಜೋನಾದಲ್ಲಿರುವ ಮಾರ್ಟಿ ಆಟೋ ವರ್ಕ್ಸ್‌ನ ವರದಿ ತರಿಸುವುದು ಅದಕ್ಕೇ.

1967ರಿಂದೀಚಿನ ಕಾರುಗಳ ಬಗ್ಗೆ ಫೋರ್ಡ್ ಇಟ್ಟಿದ್ದ ಉತ್ಪಾದನಾ ದಾಖಲೆಗಳು ಪರವಾನಗಿಯ ಮೇಲೆ ಇವರ ಬಳಿ ಇವೆ. ಕಾರಿನ ವಿಐಎನ್ ನಂಬರ್, ಅಂದರೆ ಪ್ರತಿ ಕಾರಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ, ಕೊಟ್ಟರೆ ಸಾಕು, ಆ ಒಂದು ಕಾರಿನ ವಿವರ ತೆಗೆದುಕೊಡುತ್ತಾರೆ. ವರದಿ ಸ್ಟಾಂಡರ್ಡ್, ಡೀಲಕ್ಸ್, ಎಲೀಟ್ ಎಂದು ಮೂರು ದರ್ಜೆಯಲ್ಲಿ ಸಿಗುತ್ತದೆ. ಬಿಡಿಭಾಗದ ಕೆಲಸಕ್ಕೆ ಡೀಲಕ್ಸ್ ತೆಗೆದುಕೊಳ್ಳಿ. ಬಣ್ಣ, ಆಕ್ಸಲ್, ಗೇರ್‌ಬಾಕ್ಸ್, ಆಯ್ಕೆಯ ಸಲಕರಣೆಗಳ ಜೊತೆಗೆ ಕಾರು ನಿಜವಾಗಿ ತಯಾರಾದ ದಿನವೂ ಅದರಲ್ಲಿ ಇರುತ್ತದೆ. ಎಲೀಟ್ ಚೆಂದ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು, ಆದರೆ ಸಾಮಾನು ಹುಡುಕಲು ಅದು ಬೇಕಿಲ್ಲ.

ಬಾಗಿಲ ಅಂಚಿನ ತಗಡಿನಲ್ಲೇ ತಾರೀಖು ಇದೆಯಲ್ಲ, ವರದಿ ಏಕೆ ಎಂದು ಕೇಳುವವರಿದ್ದಾರೆ. ಆ ತಾರೀಖು ಕಾರು ತಯಾರಿಸಲು ಗೊತ್ತುಮಾಡಿದ್ದ ದಿನ. ಕೆಲಸ ಮುಗಿದ ದಿನ ಬೇರೆ ಇರಬಹುದು. ಐವತ್ತು ವರ್ಷದಲ್ಲಿ ಬಾಗಿಲೇ ಬದಲಾಗಿರಬಹುದು, ತಗಡು ಹೊಸದಾಗಿ ಅಚ್ಚುಹಾಕಿಸಿದ್ದೂ ಆಗಿರಬಹುದು.

ದಿನ ಕೈಗೆ ಬಂದ ಮೇಲೆ ಅಸಲಿ ಕೆಲಸ ಶುರು. ಕಾರು ತಯಾರಾದದ್ದು 1968ರ ನವೆಂಬರ್ 12 ಎಂದಿಟ್ಟುಕೊಳ್ಳಿ. ಫೋರ್ಡ್ ಎರಕಹೊಯ್ದ ಸಾಮಾನಿನ ಮೇಲೆ 8ಕೆ21 ಎಂದಿದ್ದರೆ ಅದು 1968ರ ಅಕ್ಟೋಬರ್ 21, ಕಾರಿಗಿಂತ ಮುಂಚಿನದು, ಹಾಗಾಗಿ ಹೊಂದುತ್ತದೆ. ತಿಂಗಳಿಗೆ ಎ ಇಂದ ಎಂ ವರೆಗಿನ ಅಕ್ಷರ, ನಡುವೆ ಐ ಬಿಟ್ಟಿದ್ದಾರೆ. ಹಾಗಾಗಿ ಕೆ ಅಕ್ಟೋಬರ್, ಎಲ್ ನವೆಂಬರ್. ಐ ಬಿಟ್ಟದ್ದು ಮರೆತರೆ ಸೆಪ್ಟೆಂಬರ್‌ನಿಂದಾಚೆಗಿನ ಪ್ರತಿ ತಾರೀಖೂ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ, ಒಳ್ಳೆಯ ಸಾಮಾನನ್ನು ತಪ್ಪೆಂದು ವಾಪಸ್ ಇಡುತ್ತೀರಿ. 8ಎಲ್25 ಇದ್ದರೆ ಮಾತ್ರ ಬೇಡ: ಕಾರು ಆಗಲೇ ತಯಾರಾಗಿತ್ತು. ಹಾಲಿ (Holley) ಎಂಬ ಕಂಪನಿಯ ಕಾರ್ಬ್ಯುರೇಟರ್‌ನ ಲೆಕ್ಕ ಬೇರೆ. ಅಲ್ಲಿ ಮೂರೇ ಅಂಕಿ: ವರ್ಷ, ತಿಂಗಳು, ವಾರ. ಅಕ್ಟೋಬರ್‌ಗೆ ಸೊನ್ನೆ, ನವೆಂಬರ್‌ಗೆ ಎ, ಡಿಸೆಂಬರ್‌ಗೆ ಬಿ. 802 ಎಂದರೆ 1968ರ ಅಕ್ಟೋಬರ್ ಎರಡನೇ ವಾರ. ನಮ್ಮ ಕಾರಿಗೆ ಹೇಳಿಮಾಡಿಸಿದ್ದು.

ನಂಬರ್ ವಿಷಯಕ್ಕೆ ವರದಿ ಸಹಾಯ ಮಾಡುವುದಿಲ್ಲ. ಇದು ದೊಡ್ಡ ಮಿತಿ, ಹಣ ಕಟ್ಟುವ ಮುಂಚೆ ತಿಳಿದಿರಬೇಕು. ನಿಮ್ಮ ಕಾರಿಗೆ ಯಾವ ಎಂಜಿನ್ ಹಾಕಿದ್ದರು ಎಂದು ಅದು ಹೇಳುತ್ತದೆ. ಆ ಎಂಜಿನ್ನಿನ ಕಾರ್ಬ್ಯುರೇಟರ್ ನಂಬರ್ ಹೇಳುವುದಿಲ್ಲ. ಅದಕ್ಕೆ ಫೋರ್ಡ್‌ನ 1965–72ರ ಮಾಸ್ಟರ್ ಪಾರ್ಟ್ಸ್ ಕ್ಯಾಟಲಾಗ್ ಪಕ್ಕದಲ್ಲಿಟ್ಟುಕೊಳ್ಳಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕ್ಯಾಟಲಾಗ್‌ನಲ್ಲಿ ಸಿ9ಝಡ್‌ಝಡ್ ಎಂದು ಶುರುವಾಗುವುದು ಅಂಗಡಿಯಲ್ಲಿ ಮಾರುವ ಸರ್ವಿಸ್ ನಂಬರ್. ಸಾಮಾನಿನ ಮೈಮೇಲೆ ಇರುವುದು ವಿನ್ಯಾಸದ ನಂಬರ್, ಅದರ ನಾಲ್ಕನೇ ಅಕ್ಷರ ಇ, ಎಫ್ ಇತ್ಯಾದಿ. ಕ್ಯಾಟಲಾಗ್‌ನ ನಂಬರನ್ನೇ ಸಾಮಾನಿನ ಮೇಲೆ ಹುಡುಕುತ್ತಾ ಕೂತರೆ ಎಂದಿಗೂ ಸಿಗದು. ಸಿ ಎಂದರೆ 1960ರ ದಶಕ, ಡಿ 1970ರದ್ದು, ಮುಂದಿನ ಅಂಕಿ ವರ್ಷ. ಮೂರನೇ ಅಕ್ಷರ ಕಾರಿನದು: ಝಡ್ ಮಸ್ಟಾಂಗ್, ಓ ಫೇರ್‌ಲೇನ್, ಎ ದೊಡ್ಡ ಗ್ಯಾಲಕ್ಸಿ. ಆದರೆ ಆ ಅಕ್ಷರ ಹೇಳುವುದು ಸಾಮಾನನ್ನು ಮೊದಲು ಯಾವ ಕಾರಿಗೆಂದು ರೂಪಿಸಿದರು ಎಂಬುದನ್ನಷ್ಟೇ. 428 ಕೋಬ್ರಾ ಜೆಟ್ ಎಂಜಿನ್ನಿನ 1969ರ ಮಸ್ಟಾಂಗ್‌ನ ಹಾಲಿ ಕಾರ್ಬ್ಯುರೇಟರ್ ಮೇಲೆ ಸಿ9ಎಎಫ್ ಎಂದೇ ಇರುತ್ತದೆ. ಝಡ್ ಇಲ್ಲವೆಂದು ಅದನ್ನು ಬಿಟ್ಟುಬರಬೇಡಿ.

ಹಾಲಿ ಕಾರ್ಬ್ಯುರೇಟರ್‌ನಲ್ಲಿ ನಂಬರ್ ಇರುವುದು ಮುಂಭಾಗದ ಚೋಕ್ ಗೋಪುರದ ಮೇಲೆ, ಅಂದರೆ ಗಾಳಿ ಒಳಹೋಗುವ ಬಾಯಿಯ ಸುತ್ತ ಎದ್ದಿರುವ ಗೋಡೆಯ ಮೇಲೆ. ರೇಸಿಗೆ ಬಳಸಿದವರು ಆ ಗೋಪುರವನ್ನೇ ಕೊರೆದು ತೆಗೆದಿರುತ್ತಾರೆ. ಹಾಗಿದ್ದರೆ ಗುರುತು ಹಿಡಿಯುವ ಆಧಾರವೇ ಹೋದಂತೆ, ಕಡಿಮೆ ಬೆಲೆಗೂ ಬೇಡ. ನಂಬರ್ ಇದ್ದಾಗ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಸುತ್ತ ಲೋಹ ಉಜ್ಜಿದ ಗೆರೆಗಳಿದ್ದರೆ, ಅಥವಾ ಹೊಸ ಲೇಪನವನ್ನು ಸೀಳಿಕೊಂಡು ಅಕ್ಷರ ಕೂತಿದ್ದರೆ ಮತ್ತೆ ಗುದ್ದಿದ್ದು ಎಂದೇ ಲೆಕ್ಕ.

ಎನ್‌ಓಎಸ್, ಅಂದರೆ ಮಾರಾಟವಾಗದೆ ಪೆಟ್ಟಿಗೆಯಲ್ಲೇ ಉಳಿದ ಹಳೇ ಸರಕು, ಎಂದ ಕೂಡಲೇ ಮಾರುಹೋಗಬೇಡಿ. ಅದು ಫೋರ್ಡ್ ಮಾಡಿದ್ದೇ ಹೌದು, ಆದರೆ ರಿಪೇರಿಗೆಂದು ವರ್ಷಗಳ ನಂತರ ಬದಲಾದ ವಿನ್ಯಾಸದಲ್ಲಿ ಮಾಡಿದ್ದಿರಬಹುದು. ಪೆಟ್ಟಿಗೆ ಮೇಲೆ ಮೋಟೋರ್‌ಕ್ರಾಫ್ಟ್ ಹೆಸರಿದ್ದರೆ ಆ ಪೆಟ್ಟಿಗೆ 1970ರ ದಶಕದ್ದು ಅಥವಾ ಇನ್ನೂ ಈಚಿನದು, 1969ರಲ್ಲಿ ಅದು ಆಟೋಲೈಟ್. ಓಡಿಸಲು ಅಂಥ ಸಾಮಾನು ಚಿನ್ನ. ತಾರೀಖು ನೋಡುವ ಪ್ರದರ್ಶನಕ್ಕೆ ಸವೆದ, ತಾರೀಖು ಹೊಂದುವ ಹಳೆಯದೇ ಮೇಲು. ಅಂಥದ್ದನ್ನು ಹುಡುಕಲು ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ನಡೆಯುವ ಫೋರ್ಡ್ ನ್ಯಾಷನಲ್ಸ್‌ನ ಬಿಡಿಭಾಗದ ಸಂತೆ ಒಳ್ಳೆಯದು, ಏಕೆಂದರೆ ತಾರೀಖನ್ನು ಕೈಯಲ್ಲಿ ಹಿಡಿದೇ ಓದಬಹುದು. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ನಂಬರಿನದೊಂದು, ತಾರೀಖಿನದೊಂದು ಹತ್ತಿರದ ಫೋಟೋ ಬಾರದೆ ಹಣ ಕಳಿಸಬೇಡಿ.

1964ರಿಂದ 66ರ ಮಸ್ಟಾಂಗ್ ನಿಮ್ಮದಾದರೆ ಮಾರ್ಟಿ ವರದಿ ಸಿಗುವುದಿಲ್ಲ. ದಾಖಲೆಗಳು ಶುರುವಾಗುವುದೇ 1967ರಿಂದ. ಆಗ ಬಾಗಿಲ ತಗಡನ್ನೇ ನಂಬಬೇಕು, ಅದರ ನಂಬರನ್ನು ಮುಂದಿನ ಮಡ್‌ಗಾರ್ಡ್ ಒಳಗಿನ ತಗಡಿಗೆ ಗುದ್ದಿದ ವಿಐಎನ್ ಜೊತೆ ಹೋಲಿಸಿ ನೋಡಿದ ಮೇಲೆ.